ಪುಟ್ಟ ವಿಮಾನಕ್ಕೆ ಕೊನೆಯ ಅಲಂಕಾರ

ರಜೆಯಲ್ಲಿ ಮಕ್ಕಳನ್ನು ಮೊಬೈಲ್ ಬಿಡಿಸಿ ಕೂರಿಸಲು ಮಾಡೆಲ್ ಕಿಟ್ ಒಳ್ಳೆಯ ಉಪಾಯ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪೆನಿ 1953ರಲ್ಲೇ ಸ್ಪಿಟ್‌ಫೈರ್ ವಿಮಾನದ ಕಿಟ್ ಹೊರತಂದಿತ್ತು. ಇಂತಹ ಕಿಟ್‌ಗಳಲ್ಲಿ 1:72 ಎಂಬ ಅಳತೆ ಹೆಚ್ಚು ಬಳಕೆಯಲ್ಲಿದೆ. ಅಂದರೆ ಆರಡಿಯ ಮನುಷ್ಯ ಒಂದೇ ಇಂಚು!

ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು ಮುಗಿಸಲು ಮಗುವಿಗೆ ವಾರಗಳೇ ಬೇಕು. ಆದರೆ ಇಷ್ಟೆಲ್ಲ ಶ್ರಮ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ನಿಮಿಷಗಳಲ್ಲಿ, ರೆಕ್ಕೆಗೆ ಗುರುತು, ಅಂಕೆಗಳನ್ನು ಅಂಟಿಸುವಾಗ. ಇವುಗಳಿಗೆ ಡೆಕಾಲ್ ಎನ್ನುತ್ತಾರೆ. ನಿಮ್ಮ ಚಹಾ ಕಪ್ಪಿನ ಮೇಲಿರುವ ಹೂವು ಕೂಡ ಹೆಚ್ಚಾಗಿ ಡೆಕಾಲೇ. ಅದನ್ನು ಕುಲುಮೆಯಲ್ಲಿ ಸುಡುತ್ತಾರೆ, ಇದನ್ನು ಸುಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಡೆಕಾಲ್ ಒಣಗಿದ ಮೇಲೆ ಸುತ್ತ ಬೆಳ್ಳಿಯಂತೆ ಬಿಳಿಚಿಕೊಳ್ಳುವುದನ್ನು ನೀವು ನೋಡಿರಬಹುದು. ಅಂಟು ಕಡಿಮೆಯಾಯಿತೆಂದು ಮಕ್ಕಳು ಭಾವಿಸುತ್ತಾರೆ. ನಿಜವಾದ ಕಾರಣ ಗಾಳಿ. ಹೊಳಪಿಲ್ಲದ ಬಣ್ಣದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕಿಗೆ ಮಿನುಗುತ್ತದೆ. ಆದ್ದರಿಂದ ಬಣ್ಣ ಪೂರ್ತಿ ಒಣಗಿದ ಬಳಿಕ ಹೊಳಪಿನ ವಾರ್ನಿಶ್ ಬಳಿದು, ಒಂದು ದಿನ ಒಣಗಲು ಬಿಡಿ.

ಈಗ ಬೇಕಾದ ಗುರುತನ್ನು ಮಾತ್ರ ಹಾಳೆಯಿಂದ ಕತ್ತರಿಸಿ ತೆಗೆಯಿರಿ. ಚಿಮಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಹೊರಗೆ ಒಂದೆರಡು ನಿಮಿಷ ಇಡಿ. ತಾನಾಗಿ ಜಾರುವವರೆಗೆ ಎಳೆಯಬೇಡಿ. ಮಾಡೆಲ್ ಮೇಲೆ ಒಂದು ಹನಿ ನೀರಿಟ್ಟು, ಕಾಗದದಿಂದ ಡೆಕಾಲನ್ನು ಒದ್ದೆ ಬ್ರಶ್‌ನಿಂದ ಮೆಲ್ಲಗೆ ಸರಿಸಿ. ಜಾಗ ಸರಿಯಾದ ಮೇಲೆ ಮೆತ್ತನೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ನಡುವಿನಿಂದ ಅಂಚಿಗೆ ಒತ್ತುತ್ತಾ ನೀರನ್ನೂ ಗಾಳಿಯನ್ನೂ ಹೊರಹಾಕಿ.

ಉಬ್ಬುತಗ್ಗು ಇರುವಲ್ಲಿ ಮೈಕ್ರೋ ಸೋಲ್‌ನಂತಹ ದ್ರಾವಣ ಡೆಕಾಲನ್ನು ಮೆತ್ತಗೆ ಮಾಡುತ್ತದೆ. ಅದನ್ನು ಹಚ್ಚಿದೊಡನೆ ಡೆಕಾಲ್ ಸುಕ್ಕುಗಟ್ಟಬಹುದು. ಗಾಬರಿಯಾಗಬೇಡಿ, ಮುಟ್ಟಲೂಬೇಡಿ. ಒಣಗುತ್ತಾ ಅದು ತಾನೇ ಮೈಗೆ ಹೊಂದಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೆರಳು ಸೋಕಿದರೆ ಹರಿಯುವುದು ಖಂಡಿತ. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಮತ್ತೊಂದು ತೆಳು ವಾರ್ನಿಶ್ ಕೊಟ್ಟರೆ ಅಂಚು ಮರೆಯಾಗುತ್ತದೆ.

ಹಳೆಯ ಕಿಟ್‌ನ ಡೆಕಾಲ್ ನೀರಿಗೆ ಹಾಕಿದೊಡನೆ ಚೂರುಚೂರಾಗುವುದುಂಟು. ಮೊದಲು ಬೇಡವಾದ ಒಂದು ತುಂಡನ್ನು ಹಾಕಿ ನೋಡಿ. ಒಡೆದರೆ, ಉಳಿದ ಹಾಳೆಗೆ ತೆಳುವಾಗಿ ವಾರ್ನಿಶ್ ಬಳಿದು ಒಣಗಿಸಿ ಬಳಸಬಹುದು. ಆಗ ಪ್ರತಿ ಗುರುತನ್ನೂ ಅಂಚಿಗೆ ತಾಗಿದಂತೆ ಕತ್ತರಿಸಬೇಕು.

ವಾರ್ನಿಶ್, ತಿನ್ನರ್ ಬಳಸುವಾಗ ಕಿಟಕಿಗಳನ್ನು ತೆರೆದಿಡಿ. ಒಲೆಯ ಬಳಿ ಬೇಡ. ಬಾಟಲಿಗಳು ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಸ್ಪ್ರೇ ಹೊಡೆಯುವ ಕೆಲಸ ದೊಡ್ಡವರದ್ದೇ ಆಗಿರಲಿ.

ಉಳಿದದ್ದನ್ನು ಮಗುವೇ ಮಾಡಲಿ. ಗುರುತು ತುಸು ಓರೆಯಾಯಿತೆಂದು ನೀವು ಕೈಹಾಕಿ ಸರಿಪಡಿಸಬೇಡಿ. ಪಕ್ಕದಲ್ಲಿ ಕುಳಿತು, "ಇನ್ನೂ ಒಣಗಿಲ್ಲ, ನಾಳೆ ನೋಡೋಣ ಕಂದಾ" ಎಂದು ಹೇಳುವುದಷ್ಟೇ ನಿಮ್ಮ ಕೆಲಸ. ಬೆಳಿಗ್ಗೆ ಎದ್ದೊಡನೆ ಹಲ್ಲುಜ್ಜುವ ಮೊದಲೇ ಅದು ವಿಮಾನ ನೋಡಲು ಓಡುವುದನ್ನು ನೀವೇ ಕಾಣುವಿರಿ.