ಕಟ್ಟಿ ಬಿಚ್ಚುವ ಬೇಲಿ

ಫಾತೋರ್ಡಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1989ರಲ್ಲಿ ತೆರೆದ ದೊಡ್ಡ ಕ್ರೀಡಾಂಗಣ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲಿನ ಕೆಲವು ಪಂದ್ಯಗಳು ಅಲ್ಲಿ ನಡೆದವು. ಆದರೆ ಇಲ್ಲಿಯ ಎಷ್ಟೋ ಮಕ್ಕಳು ಚೆಂಡು ಒದೆಯಲು ಕಲಿಯುವುದು ಕೊಯ್ಲಾದ ಗದ್ದೆಯಲ್ಲಿ. ಮಳೆಗಾಲದ ಭತ್ತ ಮನೆ ಸೇರಿತೆಂದರೆ ಕೂಳೆಯ ನಡುವೆ ಎರಡು ಕೋಲು ನೆಟ್ಟು ಆಟ ಹೂಡುವರು. ನಮ್ಮ ಹಿತ್ತಲ ಗದ್ದೆಯಲ್ಲಿಯೂ ಹಾಗೆಯೇ.

ಬದುವಿನಾಚೆ ನೆರೆಯ ಅಕ್ಕನವರೊಬ್ಬರ ಕೆಂಪು ಹರಿವೆ, ಮೆಣಸಿನ ಸಸಿಗಳ ಮಡಿ ಉಂಟು. ಅವರ ಸಂಸಾರ ಸಾಗುವುದೇ ಆ ಸೊಪ್ಪಿನ ಮಾರಾಟದಿಂದ. ಒಂದು ಸಂಜೆ ಚೆಂಡು ಬಿದ್ದು, ಅದನ್ನು ಹೆಕ್ಕಲು ಹೋದ ಹುಡುಗರ ಕಾಲಡಿ ಅರ್ಧ ಮಡಿ ನೆಲಕಚ್ಚಿತು. “ಮಾಸ್ತರ್ರ, ನಿಮ್ಮ ಹುಡುಗ್ರಿಗೆ ಆಟ ಆತು, ನನ್ನ ಹುಡುಗ್ರಿಗೆ ಊಟ ಬ್ಯಾಡೇನು?” ಎಂದು ಅವರು ಕೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು.

ಮೊದಲು ಮುಳ್ಳುಬೇಲಿ ಹಾಕಿದೆವು. ಚೆಂಡು ಒಡೆಯಿತು, ಒಬ್ಬ ಹುಡುಗನ ಅಂಗೈ ಹರಿಯಿತು. ಉಳುವ ಕಾಲಕ್ಕೆ ಟಿಲ್ಲರು ತಿರುಗಲು ಜಾಗವೂ ಉಳಿಯಲಿಲ್ಲ. ಕೊಯ್ಲಾದ ಮೇಲೆ ಕಟ್ಟಿ ಮಳೆಗೆ ಮುಂಚೆ ಬಿಚ್ಚುವ ಬೇಲಿಯೇ ಲೇಸೆಂದು ಆಗ ತಿಳಿಯಿತು. ಅದರ ಕ್ರಮ ಹೀಗೆ:

ಗದ್ದೆಯ ಮಣ್ಣು ಇನ್ನೂ ಹಸಿಯಾಗಿರುವಾಗಲೇ, ಬದುವಿನ ಮಗ್ಗುಲಲ್ಲಿ ಎಂಟೆಂಟು ಅಡಿಗೆ ಒಂದರಂತೆ ಎರಡಡಿ ಆಳದ ಗುಂಡಿ ತೋಡಬೇಕು. ತಡಮಾಡಿದರೆ ನೆಲ ಗಟ್ಟಿಯಾಗಿ ಹಾರೆಗೂ ಬಗ್ಗದು. ತಳಕ್ಕೆ ಹಿಡಿ ಜಲ್ಲಿ ಹಾಕಿ, ಎರಡಡಿ ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ಹೂಳಬೇಕು. ಅದರ ಬಾಯಿ ನೆಲದ ಮಟ್ಟಕ್ಕಿರಲಿ. ನೀರು ಜಲ್ಲಿಯಲ್ಲಿ ಇಂಗುವುದು.

ಈ ಕೊಳವೆಗಳಲ್ಲಿ ಹತ್ತಡಿಯ ಬಿದಿರುಗಳನ್ನು ಇಳಿಸಿ, ಸಂದಿಗೆ ಮರದ ಬೆಣೆ ಬಡಿದರೆ ಸಾಕು. ನೆಲದ ಮೇಲೆ ಎಂಟಡಿ ನಿಲ್ಲುವುದು. ಗೋಲಿನ ಎತ್ತರವೂ ಅಷ್ಟೇ. ಹಸಿ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಹುಳು ಹಿಡಿಯುವುದು ಕಡಿಮೆ. ನೆಲದೊಳಗಿರುವ ತುದಿಗೆ ಮಾತ್ರ ಗೇರುಸಿಪ್ಪೆಯ ಎಣ್ಣೆ ಬಳಿಯಬಹುದು. ಅದು ಚರ್ಮವನ್ನು ಸುಡುವುದರಿಂದ ಈ ಕೆಲಸ ಮಕ್ಕಳಿಗೆ ಬೇಡ.

ಬಲೆಗೆ ಮೀನುಗಾರರು ತೆಗೆದುಹಾಕಿದ ಹಳೆಯ ನೈಲಾನ್ ಬಲೆಯೇ ಸಾಕು. ಮೇಲಂಚಿಗೆ ತೆಂಗಿನ ನಾರಿನ ಹಗ್ಗ ಪೋಣಿಸಿ ಬಿಗಿಯಬೇಕು. ಮೂಲೆಯ ಎರಡು ಕಂಬಗಳಿಗೆ ಹೊರಮಗ್ಗುಲಿಂದ ಎಳೆಹಗ್ಗ ಕಟ್ಟಬೇಕು, ಇಲ್ಲವಾದರೆ ಅವು ಒಳಕ್ಕೆ ವಾಲುವುವು. ಕೆಳಗೆ ಅರ್ಧ ಅಡಿ ಬಿಡತಕ್ಕದ್ದು. ಅಷ್ಟರಲ್ಲಿ ದೊಡ್ಡ ಚೆಂಡು ನುಸುಳದು. ಕಪ್ಪೆ, ಹಾವುಗಳು ಬಲೆಗೆ ಸಿಕ್ಕಿ ಸಾಯುವುದೂ ತಪ್ಪುವುದು.

ನಲವತ್ತು ಅಡಿ ಬೇಲಿಗೆ ಕಂಬ ಎಷ್ಟೆಂದು ಹುಡುಗರನ್ನು ಕೇಳಿದೆವು. ಎಂಟರಿಂದ ಭಾಗಿಸಿ ಐದು ತಂದರು. ನಿಲ್ಲಿಸಿ ನೋಡಿದಾಗ ಒಂದು ಸಾಲದು! ಐದು ಸಂದಿಗೆ ಆರು ಕಂಬ ಬೇಕೆಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹತ್ತದವರಿಗೆ ಗದ್ದೆ ಒಂದೇ ಸಲಕ್ಕೆ ಕಲಿಸಿತು.

ಮೇ ಕೊನೆಯ ವಾರ ಎಲ್ಲವನ್ನೂ ಬಿಚ್ಚಬೇಕು. ಕೊಳವೆಯ ಬಾಯಿಗೆ ತೆಂಗಿನ ಗೆರಟೆ ಕವುಚಿ, ಉಳುವವರಿಗೆ ಕಾಣುವಂತೆ ಗುರುತು ಮಾಡಬೇಕು. ಬಿಸಿಲಿಗೆ ನೈಲಾನು ಸತ್ವಗೆಡುವುದರಿಂದ ಬಲೆಯನ್ನು ಸುತ್ತಿ ನೆರಳಿನಲ್ಲಿಡಬೇಕು.

ಎಂಟಡಿ ಬಲೆಯೂ ಎಲ್ಲ ಚೆಂಡನ್ನು ತಡೆಯದು. ಅದಕ್ಕೆ ಹುಡುಗರೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ: ಚೆಂಡು ಆಚೆ ಬಿದ್ದರೆ ಅಕ್ಕನವರನ್ನು ಕೇಳಿ ಒಬ್ಬನೇ ಹೋಗಬೇಕು, ಬರುವಾಗ ಮಡಿಗೆ ಎರಡು ಕೊಡ ನೀರು ಹೊಯ್ಯಬೇಕು. ಈಗ ಸಸಿಗಳೂ ಉಳಿದಿವೆ, ಆಟವೂ ನಡೆದಿದೆ. ಹಿತ್ತಲಲ್ಲಿ ಗದ್ದೆಯೂ ಮನೆಯಲ್ಲಿ ಮಕ್ಕಳೂ ಇರುವ ಬಾಂಧವರು ಬರುವ ಕೊಯ್ಲಿನ ನಂತರ ಇದನ್ನು ಮಾಡಿ ನೋಡಬಹುದು.