ದುಡಿಯುವ ಮೈಗೆ ಕಾಳಿನ ಕಸುವು

ಮಳೆಯಾಶ್ರಿತ ಬೇಸಾಯದ ಎಷ್ಟೋ ಮನೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಹೊಲದಲ್ಲಿ ತೊಗರಿ, ಅವರೆ, ಹುರುಳಿ ಬೆಳೆಯುತ್ತವೆ. ಮನೆಯ ತಟ್ಟೆಯಲ್ಲಿ ಮಾತ್ರ ತಿಳಿಸಾರು. ಸುಗ್ಗಿ ಮುಗಿದ ಕೂಡಲೆ ಕಾಳು ಮಂಡಿ ಸೇರುತ್ತದೆ, ಹಾಲು ಡೇರಿ ಸೇರುತ್ತದೆ. ಇತ್ತ ಮೈ ಬೆಳೆಸಬೇಕೆಂದು ತಾಲ್ಲೂಕು ಕೇಂದ್ರದ ವ್ಯಾಯಾಮಶಾಲೆಗೆ ಹೋಗುವ ಅದೇ ಮನೆಯ ಹುಡುಗ, ಮೊಟ್ಟೆ ಮಾಂಸ ತಿನ್ನದವನಿಗೆ ಡಬ್ಬದ ಪುಡಿಯೇ ಗತಿ ಎಂಬ ಮಾತನ್ನು ನಂಬಿ ಹಣ ತೆರುತ್ತಾನೆ. ಸಂಪ್ರದಾಯದಿಂದ ಮಾಂಸ ಮೊಟ್ಟೆಗಳನ್ನು ತಿನ್ನದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಾಲು ಮೊಸರನ್ನೂ ಬಿಟ್ಟು ಕೇವಲ ಸಸ್ಯಮೂಲದ ಆಹಾರವನ್ನೇ ಸೇವಿಸುವವರು ಈಗ ಹೆಚ್ಚುತ್ತಿದ್ದಾರೆ. ಇಂಥವರಿಗೆ ಮಾಂಸಖಂಡ ಬಲಿಯಲು ಸಾಕಾಗುವಷ್ಟು ಸಸಾರಜನಕ ಹೊಲದ ಕಾಳಿನಿಂದಲೇ ದೊರೆಯುವುದೇ? ಅಳತೆ, ಜೋಡಣೆ ಮತ್ತು ಅಡಿಗೆಯ ವಿಧಾನ ತಿಳಿದಿದ್ದರೆ ಖಂಡಿತವಾಗಿ ದೊರೆಯುತ್ತದೆ.

ಸಸಾರಜನಕವೆಂದರೇನು?

ಪ್ರೋಟೀನ್ ಎಂದು ಕರೆಯುವ ವಸ್ತುವಿಗೆ ಕನ್ನಡದಲ್ಲಿ ಸಸಾರಜನಕ ಎಂಬ ಹೆಸರು ಬಂದಿರುವುದು ಅರ್ಥಪೂರ್ಣವಾಗಿದೆ. ಸಾರಜನಕವನ್ನು ಒಳಗೊಂಡದ್ದು ಸಸಾರಜನಕ. ಇದರ ತೂಕದಲ್ಲಿ ಸುಮಾರು ಶೇಕಡ 16 ಭಾಗ ಸಾರಜನಕವೇ ಇರುತ್ತದೆ. ಯೂರಿಯಾ ಹಾಕಿದಾಗ ಪೈರಿಗೆ ಕೊಡುವುದು ಇದೇ ಸಾರಜನಕ. ದ್ವಿದಳ ಬೆಳೆಗಳಾದರೋ ಬೇರುಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು ತಮ್ಮದಾಗಿಸಿಕೊಳ್ಳುತ್ತವೆ. ಆದುದರಿಂದಲೇ ರಾಗಿ, ಅಕ್ಕಿಗಳಿಗಿಂತ ಕಾಳುಗಳಲ್ಲಿ ಸಸಾರಜನಕ ಎರಡು ಮೂರು ಪಟ್ಟು ಹೆಚ್ಚು. ಹಸುವಿನ ಹಾಲಿನಲ್ಲಿರುವ ಸಸಾರಜನಕವೂ ಮೂಲದಲ್ಲಿ ಹುಲ್ಲು ಹಿಂಡಿಗಳಿಂದ ಬಂದದ್ದೇ.

ಸಸಾರಜನಕವು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳಿಂದ ಕಟ್ಟಲ್ಪಟ್ಟಿದೆ. ಇವುಗಳಲ್ಲಿ ಒಂಬತ್ತನ್ನು ಮನುಷ್ಯನ ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಮಾಂಸಖಂಡಗಳು ಪ್ರತಿದಿನವೂ ಸವೆಯುತ್ತವೆ, ಮತ್ತೆ ಕಟ್ಟಿಕೊಳ್ಳುತ್ತವೆ. ಸವೆಯುವುದಕ್ಕಿಂತ ಕಟ್ಟುವುದು ಹೆಚ್ಚಾದಾಗ ಮೈ ತುಂಬುತ್ತದೆ. ಇದಕ್ಕೆ ಎರಡು ಕಾರಣಗಳು ಒಟ್ಟಿಗೆ ಸೇರಬೇಕು: ಕ್ರಮವಾಗಿ ಭಾರವನ್ನು ಹೆಚ್ಚಿಸುತ್ತ ಹೋಗುವ ವ್ಯಾಯಾಮ ಮತ್ತು ಸಾಕಷ್ಟು ಸಸಾರಜನಕ. ವ್ಯಾಯಾಮವಿಲ್ಲದೆ ಕಾಳು ತಿಂದ ಮಾತ್ರಕ್ಕೆ ತೋಳು ದಪ್ಪವಾಗುವುದಿಲ್ಲ.

ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಗುವವನಿಗೆ ಇದು 50 ಗ್ರಾಂ ಆಗುತ್ತದೆ. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚುವರಿಯಾಗಿ ಬೇಕು.

ಮಾಂಸಖಂಡ ಬೆಳೆಸಲು ಭಾರ ಎತ್ತುವವರಿಗೆ ಇದು ಸಾಲದು. 49 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 1.6 ಗ್ರಾಂವರೆಗೆ ಪ್ರಯೋಜನ ಕಂಡುಬಂದಿತು. ಅದಕ್ಕಿಂತ ಹೆಚ್ಚು ತಿಂದದ್ದರಿಂದ ಹೆಚ್ಚಿನ ಲಾಭ ಸಿಗಲಿಲ್ಲ. ಅಂದರೆ 60 ಕಿಲೋ ತೂಕದ ತರುಣನಿಗೆ 96 ಗ್ರಾಂ.

ಸಸ್ಯಮೂಲದ ಸಸಾರಜನಕ ಇದಕ್ಕೆ ಸಮನಾದೀತೇ ಎಂಬ ಸಂಶಯ ಸಹಜ. ಬ್ರೆಜಿಲ್ಲಿನ ಸಂಶೋಧಕರು ಹಾಲು ಮಾಂಸ ಮುಟ್ಟದ ತರುಣರನ್ನೂ ಎಲ್ಲವನ್ನೂ ತಿನ್ನುವ ತರುಣರನ್ನೂ 12 ವಾರ ಒಂದೇ ಬಗೆಯ ವ್ಯಾಯಾಮಕ್ಕೆ ಒಳಪಡಿಸಿದರು. ಮೊದಲ ಗುಂಪಿಗೆ ಸೋಯಾ ಸಸಾರಜನಕ, ಎರಡನೆಯದಕ್ಕೆ ಹಾಲಿನ ಸಸಾರಜನಕ ಸೇರಿಸಿ ಇಬ್ಬರಿಗೂ ಕಿಲೋಗೆ 1.6 ಗ್ರಾಂ ದೊರೆಯುವಂತೆ ನೋಡಿಕೊಂಡರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಮಾಂಸಖಂಡದ ಬೆಳವಣಿಗೆಯಲ್ಲಾಗಲೀ ಬಲದಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಪ್ರಮಾಣ ಸಾಕಷ್ಟಿದ್ದರೆ ಮೂಲ ಯಾವುದೆಂಬುದು ದೊಡ್ಡ ಮಾತಲ್ಲ.

ಯಾವುದರಲ್ಲಿ ಎಷ್ಟಿದೆ?

ಒಣ ಪದಾರ್ಥದ ಪ್ರತಿ 100 ಗ್ರಾಮಿನಲ್ಲಿ ದೊರೆಯುವ ಸಸಾರಜನಕದ ಸರಾಸರಿ ಪ್ರಮಾಣ ಹೀಗಿದೆ:

ಸೋಯಾ ಅವರೆ: 36–40 ಗ್ರಾಂ
ಕಡಲೆಕಾಯಿ ಬೀಜ (ಶೇಂಗಾ): 24–26 ಗ್ರಾಂ
ಹೆಸರು, ಉದ್ದು, ಅಲಸಂದೆ, ಅವರೆ: 20–24 ಗ್ರಾಂ
ತೊಗರಿಬೇಳೆ, ಹುರುಳಿ: 22 ಗ್ರಾಂ
ಕಡಲೆ: 17–21 ಗ್ರಾಂ
ಎಳ್ಳು, ಹುಚ್ಚೆಳ್ಳು: 18–24 ಗ್ರಾಂ
ಗೋಧಿ, ಸಜ್ಜೆ: 11 ಗ್ರಾಂ
ಜೋಳ: 10 ಗ್ರಾಂ
ರಾಗಿ, ಅಕ್ಕಿ: 7–8 ಗ್ರಾಂ

ಇವು ಒಣ ಕಾಳಿನ ಲೆಕ್ಕ ಎಂಬುದನ್ನು ಮರೆಯಬಾರದು. ಬೇಯಿಸಿದಾಗ ಕಾಳು ನೀರು ಹೀರಿ ಎರಡೂವರೆ ಪಟ್ಟು ತೂಗುತ್ತದೆ. ಆದುದರಿಂದ 100 ಗ್ರಾಂ ಬೆಂದ ಕಾಳಿನಲ್ಲಿ 8–9 ಗ್ರಾಂ ಮಾತ್ರ ಸಸಾರಜನಕ ಇರುತ್ತದೆ. ಐದು ಜನರ ಮನೆಯಲ್ಲಿ 100 ಗ್ರಾಂ ತೊಗರಿಬೇಳೆ ಹಾಕಿ ಸಾರು ಮಾಡಿದರೆ ತಲೆಗೆ ಬರುವುದು 20 ಗ್ರಾಂ ಬೇಳೆ. ಅದರಿಂದ ದೊರೆಯುವುದು ನಾಲ್ಕೂವರೆ ಗ್ರಾಂ ಸಸಾರಜನಕ. ಅದೂ ಸಮನಾಗಿ ಹಂಚಿದರೆ. ಗಟ್ಟಿ ಬೇಳೆ ಮೊದಲು ಉಂಡವರ ತಟ್ಟೆಗೆ ಹೋಗಿ, ಕೊನೆಗೆ ಉಣ್ಣುವ ಹೆಂಗಸಿಗೆ ತಿಳಿ ಉಳಿಯುವ ಮನೆಗಳಲ್ಲಿ ಈ ನಾಲ್ಕೂವರೆ ಗ್ರಾಮೂ ಆಕೆಗಿಲ್ಲ. ಕಳೆ ಕೀಳುವ, ನಾಟಿ ಹಾಕುವ, ಹಸುಗೂಸಿಗೆ ಹಾಲೂಡಿಸುವ ಮೈಯೂ ದುಡಿಯುವ ಮೈಯೇ.

ಧಾನ್ಯ–ಕಾಳುಗಳ ಜೋಡಿ

ಮಣ್ಣಿನಲ್ಲಿ ಸಾರಜನಕ, ಪೊಟ್ಯಾಷ್ ಎಷ್ಟೇ ಇದ್ದರೂ ರಂಜಕದ ಕೊರತೆಯಿದ್ದರೆ ಇಳುವರಿ ಆ ಕೊರತೆಯ ಮಟ್ಟಕ್ಕೇ ನಿಲ್ಲುತ್ತದೆಂಬುದು ರೈತರಿಗೆ ತಿಳಿದ ವಿಷಯ. ದೇಹದಲ್ಲೂ ಹೀಗೆಯೇ. ಅಕ್ಕಿ, ರಾಗಿ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದೆ, ಆದರೆ ಮೆಥಿಯೋನಿನ್ ಕಡಿಮೆ. ಧಾನ್ಯ, ಎಳ್ಳು, ಹುಚ್ಚೆಳ್ಳುಗಳು ಈ ಮೆಥಿಯೋನಿನ್ನನ್ನು ತುಂಬಿಕೊಡುತ್ತವೆ. ಎರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಮತ್ತೊಂದು ನೀಗುತ್ತದೆ.

ರಾಗಿಮುದ್ದೆಗೆ ಹುರುಳಿಸಾರು, ಜೋಳದ ರೊಟ್ಟಿಗೆ ಕಾಳುಪಲ್ಯ ಮತ್ತು ಹುಚ್ಚೆಳ್ಳಿನ ಚಟ್ನಿಪುಡಿ, ಅಕ್ಕಿ ಉದ್ದು ಸೇರಿದ ಇಡ್ಲಿ: ನಮ್ಮ ಹಿರಿಯರು ರೂಢಿಸಿಕೊಂಡ ಈ ಜೋಡಿಗಳೆಲ್ಲ ಶಾಸ್ತ್ರಸಮ್ಮತವೇ ಆಗಿವೆ. ಕೊರತೆಯಿರುವುದು ಜೋಡಿಯಲ್ಲಲ್ಲ, ಪ್ರಮಾಣದಲ್ಲಿ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಇರಬೇಕು. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದೇನೂ ಇಲ್ಲ. ಒಂದೇ ದಿನದ ಊಟಗಳಲ್ಲಿ ಸೇರಿದರೆ ಸಾಕು. ಇದೇ ತತ್ತ್ವದ ಮೇಲೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿನ ಮೂರು ಪಾಲಿಗೆ ಕಡಲೆಹಿಟ್ಟಿನ ಒಂದು ಪಾಲು ಬೆರೆಸಿ, ಜೀವಸತ್ವ ಖನಿಜಗಳನ್ನು ಸೇರಿಸಿ ವಿವಿಧೋಪಯೋಗಿ ಆಹಾರವೊಂದನ್ನು ರೂಪಿಸಿತ್ತು.

ವ್ಯಾಯಾಮ ಮಾಡುವ ತರುಣನ ಒಂದು ದಿನದ ಊಟ

60 ಕಿಲೋ ತೂಕದವನಿಗೆ, ಹಾಲು ಮೊಟ್ಟೆಗಳಿಲ್ಲದ ಒಂದು ಮಾದರಿ ಹೀಗಿದೆ. ತೂಕಗಳೆಲ್ಲ ಬೇಯಿಸುವ ಮೊದಲಿನವು.

ಬೆಳಗ್ಗೆ: ಮೊಳಕೆ ಬರಿಸಿದ ಹೆಸರುಕಾಳು 50 ಗ್ರಾಂ, 100 ಗ್ರಾಂ ಹಿಟ್ಟಿನ ರಾಗಿರೊಟ್ಟಿ. ಸಸಾರಜನಕ 18 ಗ್ರಾಂ.
ಮಧ್ಯಾಹ್ನ: 150 ಗ್ರಾಂ ಹಿಟ್ಟಿನ ಮುದ್ದೆ, 60 ಗ್ರಾಂ ಅವರೆ ಅಥವಾ ಹುರುಳಿಯ ಸಾರು, 75 ಗ್ರಾಂ ಅಕ್ಕಿಯ ಅನ್ನ. ಸಸಾರಜನಕ 30 ಗ್ರಾಂ.
ಸಂಜೆ, ವ್ಯಾಯಾಮದ ನಂತರ: ಹುರಿದ ಕಡಲೆಕಾಯಿ ಬೀಜ 50 ಗ್ರಾಂ. ಸಸಾರಜನಕ 12 ಗ್ರಾಂ.
ರಾತ್ರಿ: 150 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ, 40 ಗ್ರಾಂ ಸೋಯಾ ಅವರೆಯ ಪಲ್ಯ, ಸೊಪ್ಪು, 10 ಗ್ರಾಂ ಹುಚ್ಚೆಳ್ಳಿನ ಪುಡಿ. ಸಸಾರಜನಕ 36 ಗ್ರಾಂ.

ಒಟ್ಟು 96 ಗ್ರಾಂ. ಡಬ್ಬದ ಪುಡಿಯ ಒಂದು ಅಳತೆಯಿಂದ ಸಾಮಾನ್ಯವಾಗಿ 20–25 ಗ್ರಾಂ ಸಸಾರಜನಕ ದೊರೆಯುತ್ತದೆ. ಅಷ್ಟನ್ನು 100 ಗ್ರಾಂ ಕಾಳು ಕೊಡುತ್ತದೆ. ಒಂದೇ ಹೊತ್ತಿಗೆ ಎಲ್ಲವನ್ನೂ ತಿನ್ನುವುದಕ್ಕಿಂತ ಮೂರು ನಾಲ್ಕು ಹೊತ್ತಿಗೆ ಹಂಚಿ ತಿನ್ನುವುದು ಲೇಸು. ಹೊಟ್ಟೆ ತುಂಬ ಧಾನ್ಯವೂ ಬೇಕು. ಶಕ್ತಿಗೆ ಸಾಕಷ್ಟು ಅನ್ನ ರೊಟ್ಟಿಗಳಿಲ್ಲದಿದ್ದರೆ ದೇಹವು ಸಸಾರಜನಕವನ್ನೇ ಉರುವಲಾಗಿ ಬಳಸಿಬಿಡುತ್ತದೆ. ಕಾಳು ತಿಂದು ಅಭ್ಯಾಸವಿಲ್ಲದವರು ಪ್ರಮಾಣವನ್ನು ಎರಡು ಮೂರು ವಾರಗಳಲ್ಲಿ ಕ್ರಮೇಣ ಏರಿಸಿದರೆ ಹೊಟ್ಟೆಯುಬ್ಬರದ ತೊಂದರೆ ಕಡಿಮೆ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಕೂಡದು.

ಅಡಿಗೆಯಲ್ಲಿ ಗಮನಿಸಬೇಕಾದ ಅಂಶಗಳು

1. ಕಾಳನ್ನು 8–12 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸಬೇಕು. ವಾಯು ಉಂಟುಮಾಡುವ ಸಕ್ಕರೆಯ ಅಂಶಗಳು ಇದರಿಂದ ಕಡಿಮೆಯಾಗುತ್ತವೆ.
2. ಮೊಳಕೆ ಬರಿಸುವುದರಿಂದ ಜೀರ್ಣಶಕ್ತಿಗೆ ಅನುಕೂಲ. ಕಬ್ಬಿಣದ ಅಂಶವೂ ಹೆಚ್ಚಾಗಿ ದಕ್ಕುತ್ತದೆ. ಊಟದ ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳುವುದು ಇದಕ್ಕೆ ಪೂರಕ.
3. ಸೋಯಾ ಅವರೆಯನ್ನು ಎಂದಿಗೂ ಹಸಿಯಾಗಿ ತಿನ್ನಬಾರದು. ಅದರಲ್ಲಿ ಸಸಾರಜನಕದ ಜೀರ್ಣಕ್ರಿಯೆಯನ್ನು ತಡೆಯುವ ವಸ್ತುವಿದೆ. ಚೆನ್ನಾಗಿ ಬೇಯಿಸಿದಾಗ ಅದು ನಾಶವಾಗುತ್ತದೆ. ಕುದಿಯುವ ನೀರಿಗೇ ಕಾಳನ್ನು ಹಾಕಿದರೆ ಅದರ ಹಸಿವಾಸನೆಯೂ ತಗ್ಗುತ್ತದೆ.
4. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಕಡಲೆಕಾಯಿ ಬೀಜವನ್ನು ಆರಿಸಿ ಎಸೆಯಬೇಕು. ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಟಾಕ್ಸಿನ್ ಎಂಬ ವಿಷವಿರುವ ಸಂಭವವಿದೆ.

ಕಾಳಿನಲ್ಲಿ ದೊರೆಯದ ಒಂದು ಅಂಶ

ಬಿ-12 ಜೀವಸತ್ವವು ಕಾಳು, ಧಾನ್ಯ, ಸೊಪ್ಪು ಯಾವುದರಲ್ಲಿಯೂ ನಂಬಬಹುದಾದಷ್ಟು ಇಲ್ಲ. ಇದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು ಮುಂತಾದ ತೊಂದರೆಗಳು ನಿಧಾನವಾಗಿ ತಲೆದೋರುತ್ತವೆ. ಹಾಲು ಮೊಸರನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಹಾಲು ಬಿಟ್ಟಾಗ ಕಡಿಮೆಯಾಗುವ ಸುಣ್ಣದ ಅಂಶವನ್ನು ಮಾತ್ರ ರಾಗಿ ಬಹುಮಟ್ಟಿಗೆ ತುಂಬಿಕೊಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ.

ಮನೆಗೆ ಬೇಕಾದ ಕಾಳಿಗೆ ಎಷ್ಟು ಜಮೀನು?

ಐದು ಜನರ ಮನೆಗೆ ತಲೆಗೆ ಸರಾಸರಿ 80 ಗ್ರಾಮಿನಂತೆ ದಿನಕ್ಕೆ 400 ಗ್ರಾಂ, ವರ್ಷಕ್ಕೆ 146 ಕಿಲೋ ಬೇಳೆ ಬೇಕು. ತೊಗರಿಯನ್ನು ಒಡೆದಾಗ ನೂರಕ್ಕೆ 70 ಪಾಲು ಬೇಳೆ ಬರುವುದೆಂದು ಹಿಡಿದರೆ 209 ಕಿಲೋ ತೊಗರಿ ಬೇಕಾಗುತ್ತದೆ. ಮಳೆಯಾಶ್ರಯದಲ್ಲಿ ಎಕರೆಗೆ 3 ಕ್ವಿಂಟಾಲ್ ಇಳುವರಿಯೆಂದು ಲೆಕ್ಕ ಹಾಕಿದರೂ 28 ಗುಂಟೆ ಸಾಕು. ಅಷ್ಟು ಜಮೀನನ್ನು ಬೇರೆಯಾಗಿ ಬಿಡಬೇಕೆಂದೂ ಇಲ್ಲ. ರಾಗಿಯಲ್ಲಿ ಅಕ್ಕಡಿ ಹಾಕುವ ಹಳೆಯ ಪದ್ಧತಿ ಇದಕ್ಕೆ ಹೇಳಿಮಾಡಿಸಿದಂತಿದೆ. 8 ಸಾಲು ರಾಗಿಗೆ 2 ಸಾಲು ತೊಗರಿ, ಅಥವಾ 8 ಸಾಲು ರಾಗಿಗೆ 1 ಸಾಲು ಅವರೆ ಹಾಕಬಹುದು. ತೊಗರಿ ಮೊದಲು ನಿಧಾನವಾಗಿ ಬೆಳೆದು, ರಾಗಿ ಕೊಯ್ಲಾದ ಮೇಲೆ ಹಿಂಗಾರಿನ ತೇವವನ್ನು ಬಳಸಿಕೊಂಡು ಕಾಯಿ ಕಟ್ಟುತ್ತದೆ. ನೀರಿನ ಅನುಕೂಲವಿರುವವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಹಿತ್ತಲಿನಲ್ಲಿ ಯಾವ ಕಾಲದಲ್ಲಾದರೂ ಬೆಳೆಯಬಹುದು. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಸೋಯಾ ಬೆಳೆಗಾರರು ಮಾರುವ ರಾಶಿಯಿಂದ ಒಂದು ಚೀಲವನ್ನು ಮನೆಗೆ ತೆಗೆದಿರಿಸಿದರೆ ಅದೇ ದೊಡ್ಡ ಸಂಪತ್ತು.

ಉಳಿಸಿಕೊಂಡ ಕಾಳನ್ನು ಹುಳುವಿನಿಂದ ಕಾಪಾಡುವುದೂ ಅಷ್ಟೇ ಮುಖ್ಯ. ಹಲ್ಲಿಗೆ ಕಟ್ಟೆಂದು ಒಡೆಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬ ಅಥವಾ ಪೀಪಾಯಿಯಲ್ಲಿ ತುಂಬಬೇಕು. ಇಡಿ ಕಾಳಿಗೆ ಮುತ್ತುವಷ್ಟು ಕಾಳುದುಂಬಿ ಬೇಳೆಗೆ ಮುತ್ತುವುದಿಲ್ಲವಾದ್ದರಿಂದ ತೊಗರಿಯನ್ನು ಬೇಗನೆ ಬೇಳೆ ಮಾಡಿಡುವುದು ಒಳ್ಳೆಯದು.

ಸುಗ್ಗಿಯಲ್ಲಿ ಅಗ್ಗಕ್ಕೆ ತೊಗರಿ ಮಾರಿ, ಮಳೆಗಾಲದಲ್ಲಿ ಅಂಗಡಿಯಿಂದ ಬೇಳೆ ಕೊಳ್ಳುವ ಮನೆಗೆ ಎರಡು ಕಡೆಯಿಂದಲೂ ನಷ್ಟ. ಅಷ್ಟೇ ಅಲ್ಲ, ಕೊಂಡ ಬೇಳೆಯನ್ನು ಕೈ ಬಿಗಿಹಿಡಿದೇ ಹಾಕುವುದರಿಂದ ಸಾರು ತೆಳ್ಳಗಾಗುತ್ತದೆ, ಮೈ ಸೋಲುತ್ತದೆ. ಬಿತ್ತನೆಗೆ ಬೀಜ ತೆಗೆದಿಡದೆ ಯಾವ ರೈತನೂ ರಾಶಿಯನ್ನು ಮಾರುವುದಿಲ್ಲ. ಅದೇ ರೀತಿ ಈ ಸಲ ಕಣದಲ್ಲಿ ಚೀಲ ಹೊಲಿಯುವ ಮೊದಲು ಮನೆಯ ತಲೆಗಳನ್ನು ಎಣಿಸಿ, ವರ್ಷದ ಕಾಳನ್ನು ಅಳೆದು ಬೇರೆ ಇಡುವುದು ಒಳಿತು. ಉಳಿದದ್ದು ಮಂಡಿಗೆ ಹೋಗಲಿ.