ಅವಕೆಂಪು ವೀಕ್ಷಣೆಯಲ್ಲಿ ಒಡ್ಡಿಕೆಯ ಕಾಲ

ಲಡಾಖಿನ ಹಾನ್ಲೆಯಲ್ಲಿದ್ದು, ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಿಯಂತ್ರಿಸಲ್ಪಡುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಅವಕೆಂಪು ವೀಕ್ಷಣೆಗೂ ಬಳಕೆಯಾಗಿದೆ. ಗ್ರಾಹಕವನ್ನು ಬೆಳಕಿಗೆ ತೆರೆದಿಡುವ ಅವಧಿಯೇ ಒಡ್ಡಿಕೆಯ ಕಾಲ. ಅವಕೆಂಪಿನಲ್ಲಿ ಇರುಳಿನ ಆಕಾಶವೇ ಹೊಳೆಯುವುದರಿಂದ ಈ ಲೆಕ್ಕದಲ್ಲಿ ನಕ್ಷತ್ರದ ಕಾಂತಿಯಷ್ಟೇ ಹಿನ್ನೆಲೆಯೂ ಮುಖ್ಯ. ನಕ್ಷತ್ರದ ಸಂಕೇತವು ಕಾಲದೊಡನೆ ಸಮಪ್ರಮಾಣದಲ್ಲಿ ಬೆಳೆದರೆ, ಹಿನ್ನೆಲೆಯ ಏರಿಳಿತವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಆದ್ದರಿಂದ ಇವೆರಡರ ಅನುಪಾತ ಇಮ್ಮಡಿಯಾಗಲು ಕಾಲವು ನಾಲ್ಮಡಿಯಾಗಬೇಕು; 10 ನಿಮಿಷ ಸಾಲದಿದ್ದರೆ 40. ಅಷ್ಟು ಹೊತ್ತು ಒಮ್ಮೆಗೇ ಒಡ್ಡಿದರೆ ಆಕಾಶದ ಹೊಳಪೇ ಗ್ರಾಹಕವನ್ನು ತುಂಬಿಬಿಡುತ್ತದೆ. ಹಾಗಾಗಿ ದೂರದರ್ಶಕವನ್ನು ತುಸು ತುಸುವೇ ಸರಿಸುತ್ತ, ಉದಾಹರಣೆಗೆ 20 ಸೆಕೆಂಡುಗಳ 120 ಚಿತ್ರಗಳನ್ನು ಪಡೆದು, ಆಕಾಶದ ಪಾಲನ್ನು ಕಳೆದು ಕೂಡಿಸುತ್ತಾರೆ. ಕನ್ನಡ ಪರಿಭಾಷೆಯಲ್ಲಿ 'ಬಿಡಿ ಒಡ್ಡಿಕೆ', 'ಒಟ್ಟು ಒಡ್ಡಿಕೆ' ಎಂಬ ಭೇದ ಅಗತ್ಯವಾಗುವುದು ಇದರಿಂದಲೇ.